'ನಾಗರಹಾವು' ಚಿತ್ರದ ಮಾರ್ಗರೇಟ್: ಈ ತಿಂಗಳ ಯುವಜನ ಅಧ್ಯಯನ



ಈ ತಿಂಗಳ ಅಧ್ಯಯನಕ್ಕೆ ಪುಸ್ತಕ ಬೇಡ, ಒಂದು ಸಿನಿಮಾ ಸಾಕು. 1972ರ ಕೊನೆಯಲ್ಲಿ ತೆರೆಗೆ ಬಂದ, ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ 'ನಾಗರಹಾವು'. ನಿಮ್ಮಲ್ಲಿ ಹಲವರು ಇದನ್ನು ಟಿ.ವಿ.ಯಲ್ಲಿ ತುಂಡು ತುಂಡಾಗಿ ನೋಡಿರುತ್ತೀರಿ. ನಮ್ಮ ರೊದ್ದಂ, ಹಿಂದೂಪುರದ ಕಡೆ ಹಿರಿಯರನ್ನು ಕೇಳಿದರೆ ಕೆಲವರು ತೆಲುಗಿನ 'ಕೋಡೆನಾಗು' ಚಿತ್ರವನ್ನೇ ಮೊದಲು ನೆನೆಯುತ್ತಾರೆ. ಅದೂ ಇದೇ ಕಥೆ. 1974ರಲ್ಲಿ ಬಂತು, ಶೋಭನ್ ಬಾಬು ನಾಯಕ, ಮೇಷ್ಟ್ರ ಪಾತ್ರದಲ್ಲಿ ಕವಿ ಆಚಾರ್ಯ ಆತ್ರೇಯ. ಅದೇ ವರ್ಷ ಪುಟ್ಟಣ್ಣನವರೇ ಹಿಂದಿಯಲ್ಲಿ ರಿಷಿ ಕಪೂರ್ ಅವರನ್ನಿಟ್ಟುಕೊಂಡು 'ಜಹ್ರೀಲಾ ಇನ್ಸಾನ್' ಮಾಡಿದರು. ಎರಡು ಭಾಷೆಯ ನಡುವೆ ಬದುಕುವ ನಮಗೆ ಇದು ಎರಡೂ ಕಡೆಯಿಂದ ಗೊತ್ತಿರುವ ಕಥೆ.

ಇದನ್ನೇ ಆರಿಸಲು ಕಾರಣವಿದೆ. ಯುವಜನ ಸಭೆಯ ಪ್ರಶ್ನೆ ಪೆಟ್ಟಿಗೆಯಲ್ಲಿ ಹೆಸರಿಲ್ಲದ ಒಂದು ಚೀಟಿ ಸಿಕ್ಕಿತು. ಬೇರೆ ಧರ್ಮದವರನ್ನು ಇಷ್ಟಪಟ್ಟರೆ ಚರ್ಚಿನಲ್ಲಿ ಮದುವೆ ಆಗುತ್ತದೆಯೇ, ಇಲ್ಲ ಓಡಿಹೋಗುವುದೊಂದೇ ದಾರಿಯೇ ಎಂದು ಬರೆದಿತ್ತು. ಚೀಟಿ ಯಾರದೆಂದು ಹುಡುಕುವ ಕೆಲಸ ನಮ್ಮದಲ್ಲ. ಉತ್ತರ ಹೇಳುವುದು ನಮ್ಮ ಕೆಲಸ. ಅದಕ್ಕೆ ಈ ಸಿನಿಮಾದ ಮೂಲಕ ಹೋಗುವುದು ಒಳ್ಳೆಯದೆನಿಸಿತು, ಏಕೆಂದರೆ ಕನ್ನಡಿಗರು ಅತಿ ಹೆಚ್ಚು ಕಣ್ಣೀರು ಹಾಕಿದ ಪ್ರೇಮಕಥೆಗಳಲ್ಲಿ ಒಂದರ ನಾಯಕಿ ಕ್ರೈಸ್ತ ಹುಡುಗಿ. ಅವಳನ್ನು ನಮ್ಮವಳೆಂದುಕೊಂಡು ನಾವು ಕುಳಿತು ನೋಡಿದ್ದು ಕಡಿಮೆ.

ಕಥೆ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ಚಿತ್ರದುರ್ಗದವರೆಂದೇ ಹೆಸರಾದ ತ.ರಾ.ಸು. ಅವರ 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ' ಎಂಬ ಮೂರು ಕಾದಂಬರಿಗಳನ್ನು ಹೆಣೆದು ಮಾಡಿದ ಚಿತ್ರ ಇದು. ಪಾವಗಡ ದಾಟಿ ಚಳ್ಳಕೆರೆಯ ಮೇಲೆ ಹೋದರೆ ಸಿಗುವ ಅದೇ ದುರ್ಗ, ಅದೇ ಬಂಡೆಗಳು. ರಾಮಾಚಾರಿ (ವಿಷ್ಣುವರ್ಧನ್) ಬ್ರಾಹ್ಮಣ ಮನೆಯ ಮುಂಗೋಪಿ ಹುಡುಗ. ಊರೆಲ್ಲ ಅವನನ್ನು ಪುಂಡ ಎಂದು ದೂರ ಇಟ್ಟಿದೆ. ಅವನನ್ನು ಮಗನಂತೆ ಕಾಣುವವರು ಚಾಮಯ್ಯ ಮೇಷ್ಟ್ರು (ಕೆ.ಎಸ್. ಅಶ್ವಥ್) ಮತ್ತು ಅವರ ಹೆಂಡತಿ ತುಂಗಮ್ಮ (ಲೀಲಾವತಿ). ಅವನು ಮೊದಲು ಪ್ರೀತಿಸುವುದು ಅಲಮೇಲುವನ್ನು (ಆರತಿ). ಜಾತಿ, ಸಂಪ್ರದಾಯದ ಮಾತು ಅಡ್ಡ ಬರುತ್ತದೆ. ಮೇಷ್ಟ್ರು ಬುದ್ಧಿ ಹೇಳುತ್ತಾರೆ, ಹುಡುಗ ಗುರುವಿನ ಮಾತಿಗೆ ತಲೆಬಾಗಿ ಅವಳನ್ನು ಬಿಟ್ಟುಕೊಡುತ್ತಾನೆ. ಆಮೇಲೆ ಮಾರ್ಗರೇಟ್ (ಶುಭ) ಬರುತ್ತಾಳೆ. ಈ ಸಲ ಅಡ್ಡ ಬರುವುದು ಧರ್ಮ. ಮುಂದೊಂದು ದಿನ, ಮದುವೆಯಾಗಿ ಸುಖವಾಗಿದ್ದಾಳೆ ಎಂದುಕೊಂಡಿದ್ದ ಅಲಮೇಲು ಮೈ ಮಾರಿಕೊಳ್ಳುವ ಸ್ಥಿತಿಯಲ್ಲಿ ರಾಮಾಚಾರಿಯ ಕಣ್ಣಿಗೆ ಬೀಳುತ್ತಾಳೆ. ಹಾಗೆ ಮಾಡಿದವನು ಕಟ್ಟಿಕೊಂಡ ಗಂಡನೇ. ಮಾರ್ಗರೇಟಳನ್ನೂ ಬಿಟ್ಟುಬಿಡು ಎಂದು ಮೇಷ್ಟ್ರು ಬೆಟ್ಟದ ಮೇಲೆ ಬಂದು ನಿಂತಾಗ ಹುಡುಗ ಮೊದಲ ಬಾರಿಗೆ ಗುರುವಿಗೆ ಎದುರಾಡುತ್ತಾನೆ. ಮಾತಿಗೆ ಮಾತು ಬೆಳೆದು ಮೇಷ್ಟ್ರು ಶಿಷ್ಯನ ಕೈಯಿಂದಲೇ ಪ್ರಪಾತಕ್ಕೆ ಬೀಳುತ್ತಾರೆ. ರಾಮಾಚಾರಿ, ಮಾರ್ಗರೇಟ್ ಇಬ್ಬರೂ ಅವರ ಹಿಂದೆಯೇ ಹಾರುತ್ತಾರೆ.

ನೋಡುವಾಗ ಒಂದು ಸಂಗತಿಯನ್ನು ಗಮನಿಸಿ. ಈ ಕಥೆಯಲ್ಲಿ ಪ್ರೀತಿಯನ್ನು ತಡೆಯುವವನು ಖಳನಾಯಕನಲ್ಲ. ಜಲೀಲ (ಅಂಬರೀಷ್) ಬೀದಿಯಲ್ಲಿ ಹುಡುಗಿಯನ್ನು ಕಾಡುವ ಪುಂಡ, ಅವನ ಪಾಡು ಬೇರೆ. ಎರಡು ಪ್ರೀತಿಗಳಿಗೂ ಅಡ್ಡ ನಿಲ್ಲುವವರು ಚಿತ್ರದಲ್ಲೇ ಅತ್ಯಂತ ಒಳ್ಳೆಯ ಮನುಷ್ಯ. ಚಾಮಯ್ಯ ಮೇಷ್ಟ್ರಿಗೆ ಮಾರ್ಗರೇಟ್ ಮೇಲೆ ದ್ವೇಷವಿಲ್ಲ. ಹಣದಾಸೆಯೂ ಇಲ್ಲ, ಊರಿನಲ್ಲಿ ಮೀಸೆ ತಿರುವುವ ಚಪಲವೂ ಇಲ್ಲ. ಹುಡುಗನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ ಎಂದು ಅವರು ಪೂರ್ಣ ಮನಸ್ಸಿನಿಂದ ನಂಬಿದ್ದಾರೆ. ಪೂರ್ವಗ್ರಹ ಎಂದರೆ ಕೋಲು ಹಿಡಿದು ಬರುವ ಜನ ಎಂದು ನಾವು ತಿಳಿದಿರುತ್ತೇವೆ. ಎಷ್ಟೋ ಸಲ ಅದು ನಮಗೆ ಊಟ ಹಾಕಿದ ಕೈಯಿಂದ, ನಮ್ಮ ತಲೆ ಸವರಿದ ಕೈಯಿಂದ ಬರುತ್ತದೆ. ಕೋಲಿಗೆ ಎದುರು ನಿಲ್ಲಬಹುದು. ತಲೆ ಸವರುವ ಕೈಗೆ ಎದುರು ನಿಲ್ಲುವುದು ಹೇಗೆ? ಅಲಮೇಲುವಿನ ವಿಷಯದಲ್ಲಿ ರಾಮಾಚಾರಿ ಸೋತದ್ದು ಅಲ್ಲಿಯೇ.

ಇನ್ನೊಂದು ಮಾತು, ಇದು ಬಿ.ಎಸ್ಸಿ. ಓದಿದವನ ಚಟ ಎಂದುಕೊಳ್ಳಿ. ಚಿತ್ರದ ಹೆಸರಿನಲ್ಲೂ ಮಾತಿನಲ್ಲೂ ರಾಮಾಚಾರಿ ಹಾವು. ಹಾವಿಗೆ ಹನ್ನೆರಡು ವರ್ಷದ ದ್ವೇಷ ಎಂದು ನಮ್ಮಲ್ಲಿ ಹೇಳುವುದುಂಟು. ಪ್ರಾಣಿಶಾಸ್ತ್ರದಲ್ಲಿ ಅಂಥದ್ದೇನೂ ಇಲ್ಲ. ಹಾವಿಗೆ ಮುಖ ನೆನಪಿಟ್ಟು ಹಗೆ ಸಾಧಿಸುವ ಮಿದುಳಿಲ್ಲ. ನಾಗರಹಾವು ದಾರಿ ಸಿಕ್ಕರೆ ಸರಿದುಹೋಗುತ್ತದೆ, ಮೂಲೆಗೆ ಒತ್ತಿದರೆ ಹೆಡೆ ಎತ್ತುತ್ತದೆ. ಆ ಲೆಕ್ಕದಲ್ಲಿ ಹೆಸರು ಸರಿಯಾಗಿಯೇ ಇದೆ. ಕಾದಂಬರಿಕಾರರಿಗೆ ಮಾತ್ರ ಸಿನಿಮಾ ಹಿಡಿಸಲಿಲ್ಲ. ತಮ್ಮ ನಾಗರಹಾವನ್ನು ಪುಟ್ಟಣ್ಣ ಕೇರೆಹಾವು ಮಾಡಿದರು ಎಂಬರ್ಥದಲ್ಲಿ ತ.ರಾ.ಸು. ಬೇಸರಿಸಿಕೊಂಡದ್ದು ಚಿತ್ರರಂಗದಲ್ಲಿ ಪ್ರಸಿದ್ಧ.

ಈಗ ಮಾರ್ಗರೇಟ್. ಆ ಕಾಲದ ನಮ್ಮ ಭಾಷೆಗಳ ಸಿನಿಮಾದಲ್ಲಿ ಕ್ರೈಸ್ತ ಹುಡುಗಿ ಎಂದರೆ ಗಿಡ್ಡ ಲಂಗ, ಕತ್ತರಿಸಿದ ಕೂದಲು, ಬಾಯಲ್ಲಿ ಇಂಗ್ಲಿಷು, ಹುಡುಗರೊಡನೆ ಸಲಿಗೆ. ನಮ್ಮ ಅಜ್ಜಿಯರು ಸೆರಗು ಹೊದ್ದು ಬಲಿಪೂಜೆಗೆ ಬರುವವರು, ಕಡಲೆಕಾಯಿ ಹೊಲದಲ್ಲಿ ಕಳೆ ತೆಗೆದವರು. ಅವರು ಒಂದು ಸಿನಿಮಾದಲ್ಲೂ ಕಾಣುವುದಿಲ್ಲ. ಇದಕ್ಕೆ ಬೇಜಾರಾಗುವುದು ನ್ಯಾಯವೇ. ಆದರೆ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಬೇರೆ. ಬೆಟ್ಟದ ಮೇಲಿನ ಕೊನೆಯ ಜಗಳ ನಡೆಯುವುದು ಗುರುವಿಗೂ ಶಿಷ್ಯನಿಗೂ. ಮಾತಾಡುತ್ತಿರುವುದು ಅವಳ ಬಾಳಿನ ಬಗ್ಗೆ, ಆದರೆ ನಮ್ಮ ಕಣ್ಣೀರು ಹರಿಯುವುದು ಮೇಷ್ಟ್ರಿಗೆ ಮತ್ತು ಹುಡುಗನಿಗೆ. ಅವಳ ವಿಶ್ವಾಸ ಏನು, ಭಾನುವಾರ ಅವಳು ಎಲ್ಲಿಗೆ ಹೋಗಬೇಕು, ಹುಟ್ಟುವ ಮಕ್ಕಳನ್ನು ಹೇಗೆ ಬೆಳೆಸಬೇಕೆಂದಿದ್ದಾಳೆ ಎಂದು ಕಥೆ ನಿಂತು ಕೇಳುವುದಿಲ್ಲ. ಕ್ರೈಸ್ತಳಾಗಿರುವುದು ಅವಳ ಬದುಕಾಗಿ ಕಾಣುವುದಿಲ್ಲ, ರಾಮಾಚಾರಿಯ ದಾರಿಗೆ ಬಿದ್ದ ಕಲ್ಲಾಗಿ ಮಾತ್ರ ಕಾಣುತ್ತದೆ.

ಅದೇ ಚಿತ್ರದಲ್ಲಿ ಒನಕೆ ಓಬವ್ವನ ಹಾಡಿದೆ, ಜಯಂತಿ ಓಬವ್ವ. ಹೈದರಾಲಿಯ ಸೈನಿಕರನ್ನು ಕೋಟೆಯ ಕಿಂಡಿಯಲ್ಲಿ ಒನಕೆಯಿಂದ ಹೊಡೆದುರುಳಿಸಿದ ಆಕೆ ಕಾವಲುಗಾರನ ಹೆಂಡತಿ, ಛಲವಾದಿ ಸಮುದಾಯದವಳು. ಇಡೀ ಚಿತ್ರಮಂದಿರ ಆಕೆಗೆ ಚಪ್ಪಾಳೆ ತಟ್ಟಿತು. ಅದೇ ಬಂಡೆಯ ಮೇಲೆ ಜಾತಿ, ಧರ್ಮ ಬೇರೆಯಾದ ಇಬ್ಬರಿಗೆ ಬದುಕಲು ಜಾಗ ಇಲ್ಲ. ಸತ್ತ ವೀರವನಿತೆಯ ಜಾತಿ ಯಾರಿಗೂ ಅಡ್ಡಿಯಾಗುವುದಿಲ್ಲ, ಮನೆಗೆ ಸೊಸೆಯಾಗಿ ಬರುವವಳದ್ದು ಮಾತ್ರ ಆಗುತ್ತದೆ.

ಆ ಕಾಲಕ್ಕೆ ಬೇರೆ ಕೊನೆ ಸಾಧ್ಯವೇ ಇರಲಿಲ್ಲ ಎನ್ನುವಂತಿಲ್ಲ. 1974ರಲ್ಲಿ ಮಲಯಾಳದಲ್ಲಿ ಕೆ.ಎಸ್. ಸೇತುಮಾಧವನ್ 'ಚಟ್ಟಕ್ಕಾರಿ' ಮಾಡಿದರು. ಆಂಗ್ಲೋ-ಇಂಡಿಯನ್ ಹುಡುಗಿ, ಹಿಂದೂ ಹುಡುಗ. ಅವರೇ ಮರುವರ್ಷ ಅದನ್ನು ಹಿಂದಿಯಲ್ಲಿ 'ಜೂಲಿ' ಮಾಡಿದರು, ಎರಡರಲ್ಲೂ ನಾಯಕಿ ಲಕ್ಷ್ಮಿ. ಅಲ್ಲಿ ಬರೀ ಧರ್ಮ ಬೇರೆಯಲ್ಲ, ರಕ್ತವೂ ಬಣ್ಣವೂ ಬೇರೆ ಎಂಬ ಮಾತಿದೆ, ಎರಡು ಮನೆಯ ತಾಯಂದಿರಿಗೂ ಮನಸ್ಸಿಲ್ಲ. ಕೊನೆಗೆ ಹುಡುಗನ ತಂದೆ ಎದ್ದು ನಿಂತು ಇಬ್ಬರು ತಾಯಂದಿರಿಗೂ ಬುದ್ಧಿ ಹೇಳುತ್ತಾರೆ. ಚಾಮಯ್ಯ ಮೇಷ್ಟ್ರ ಜಾಗದಲ್ಲಿ ಅಂಥ ಒಬ್ಬ ಹಿರಿಯ. ಎರಡು ಚಿತ್ರಗಳ ನಡುವಿನ ವ್ಯತ್ಯಾಸ ನನ್ನ ಮಟ್ಟಿಗೆ ಇಷ್ಟೇ. ಪ್ರೇಮಿಗಳು ಅಲ್ಲೂ ಇಲ್ಲೂ ಒಂದೇ ಥರ, ಹಿರಿಯರು ಬೇರೆ.

ಇನ್ನು ದೂರದ ಒಂದು ನಿಜ ಸಂಗತಿ. ಇದು 2016ರಲ್ಲಿ 'ಲವಿಂಗ್' ಎಂಬ ಹೆಸರಿನಲ್ಲಿ ಸಿನಿಮಾ ಆಯಿತು. ಲವಿಂಗ್ ಎಂಬುದು ಅವರ ಮನೆತನದ ಹೆಸರು. ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ ಗಾರೆ ಕೆಲಸದ ಬಿಳಿಯ ರಿಚರ್ಡ್, ಕಪ್ಪು ಬಣ್ಣದ ಮಿಲ್ಡ್ರೆಡ್ 1958ರಲ್ಲಿ ಪಕ್ಕದ ವಾಷಿಂಗ್ಟನ್‌ಗೆ ಹೋಗಿ ಮದುವೆಯಾದರು. ವಾರಗಳು ಕಳೆಯುವುದರೊಳಗೆ ಪೊಲೀಸರು ರಾತ್ರಿ ಮಲಗುವ ಕೋಣೆಗೇ ನುಗ್ಗಿ ಹಿಡಿದರು. ದೇವರು ಒಂದೊಂದು ಜನಾಂಗವನ್ನು ಒಂದೊಂದು ಖಂಡದಲ್ಲಿ ಇಟ್ಟದ್ದೇ ಅವು ಬೆರೆಯಬಾರದೆಂದು ಎಂದು ನ್ಯಾಯಾಧೀಶರು ಬರೆದರು. ದೇವರ ಹೆಸರನ್ನು ಎಲ್ಲೆಲ್ಲಿ ತಂದಿಡುತ್ತಾರೆ ನೋಡಿ. 1967ರ ಜೂನ್ 12ರಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಅಂಥ ಕಾನೂನುಗಳನ್ನೆಲ್ಲ ಒಮ್ಮತದಿಂದ ರದ್ದುಗೊಳಿಸಿತು.

ನಮಗೆ ಇನ್ನೂ ಹತ್ತಿರವಾದ ಮೊಕದ್ದಮೆ ಅದಕ್ಕಿಂತ ಹಿಂದಿನದು. 1948ರಲ್ಲಿ ಕ್ಯಾಲಿಫೋರ್ನಿಯಾದ ಆಂಡ್ರಿಯಾ ಪೆರೆಜ್ ಮತ್ತು ಸಿಲ್ವೆಸ್ಟರ್ ಡೇವಿಸ್ ಇಬ್ಬರೂ ಕಥೋಲಿಕರು. ಆಕೆ ಮೆಕ್ಸಿಕೋ ಮೂಲದ ಮನೆಯವಳು, ಕಾನೂನಿನ ಲೆಕ್ಕದಲ್ಲಿ ಬಿಳಿಯಳು. ಆತ ಕಪ್ಪು ಜನಾಂಗದವನು. ಮದುವೆ ಪರವಾನಗಿ ಕೊಡಲು ಕಚೇರಿ ಒಪ್ಪಲಿಲ್ಲ. ಅವರ ವಕೀಲರ ವಾದ ಸರಳವಾಗಿತ್ತು: ನಮ್ಮ ಧರ್ಮಸಭೆ ಈ ಇಬ್ಬರ ಮದುವೆಯನ್ನು ನಿಷೇಧಿಸುವುದಿಲ್ಲ, ಸಂಸ್ಕಾರ ಪಡೆಯಲು ಅಡ್ಡ ಬರುತ್ತಿರುವುದು ಸರ್ಕಾರ. ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ ನಾಲ್ಕಕ್ಕೆ ಮೂರು ಮತದಿಂದ ಅವರ ಪರ ತೀರ್ಪು ಕೊಟ್ಟಿತು.

ಪವಿತ್ರ ಬೈಬಲಿನಲ್ಲಿ ಇದಕ್ಕೆ ಸಮನಾದ ಮನೆಜಗಳ ಸಂಖ್ಯಾಕಾಂಡದ 12ನೇ ಅಧ್ಯಾಯದಲ್ಲಿದೆ. ಸಭೆಗೆ ಬರುವ ಮೊದಲು ಓದಿಕೊಂಡು ಬನ್ನಿ, ಹದಿನಾರೇ ವಚನ. ಮೋಶೆ ಕೂಷ್ ದೇಶದ ಹೆಣ್ಣನ್ನು ಮದುವೆಯಾಗಿದ್ದಾನೆ. ಈಜಿಪ್ಟಿನ ದಕ್ಷಿಣದ, ಕಪ್ಪು ಜನರ ನಾಡು ಅದು. ಆಡಿಕೊಳ್ಳುವವರು ಶತ್ರುಗಳಲ್ಲ, ಒಡಹುಟ್ಟಿದ ಮಿರ್ಯಾಮ ಮತ್ತು ಆರೋನ. ನೈಲ್ ನದಿಯ ದಡದಲ್ಲಿ ನಿಂತು ಹಸುಗೂಸನ್ನು ಕಾಯ್ದ ಅಕ್ಕನೇ ಈಗ ನಾದಿನಿಯಾಗಿ ಮಾತಾಡುತ್ತಿದ್ದಾಳೆ. ಇಲ್ಲಿಯೂ ಮಾತು ಬಂದದ್ದು ಪ್ರೀತಿಸುವವರ ಬಾಯಿಂದ. ದೇವರ ಸಿಟ್ಟು ಮೋಶೆಯ ಮೇಲಲ್ಲ, ಆಡಿಕೊಂಡವರ ಮೇಲೆ. ಮಿರ್ಯಾಮಳ ಮೈ ಕುಷ್ಠದಿಂದ ಬೆಳ್ಳಗಾಗುತ್ತದೆ. ಬಿಡಿಸುವವನೂ ಮೋಶೆಯೇ, ಅಕ್ಕನಿಗಾಗಿ ಪ್ರಾರ್ಥಿಸುತ್ತಾನೆ. ಏಳು ದಿನ ಅವಳು ಪಾಳೆಯದ ಹೊರಗಿರುತ್ತಾಳೆ, ಅವಳು ಒಳಗೆ ಬರುವವರೆಗೆ ಜನ ಒಂದು ಹೆಜ್ಜೆ ಮುಂದಿಡುವುದಿಲ್ಲ. ಇಷ್ಟೆಲ್ಲ ಆದರೂ ಆ ಕೂಷ್ ದೇಶದ ಹೆಂಡತಿಯ ಹೆಸರು ಅಲ್ಲಿಲ್ಲ, ಒಂದು ಮಾತೂ ಇಲ್ಲ. ಮಾರ್ಗರೇಟಳ ಪಾಡೇ.

ಎಜ್ರನ ಗ್ರಂಥದಲ್ಲಿ ಅನ್ಯಜನರ ಹೆಂಡತಿಯರನ್ನು ಕಳುಹಿಸಿಬಿಟ್ಟ ಪ್ರಸಂಗವೂ ಇದೆ ಎಂದು ಯಾರಾದರೂ ಕೇಳಬಹುದು. ಇದೆ. ಸೆರೆಯಿಂದ ಮರಳಿದ ಪುಟ್ಟ ಗುಂಪು ತಾನು ಕರಗಿಹೋಗುತ್ತೇನೆಂದು ಹೆದರಿದ ಕಾಲ ಅದು. ಆ ಹೆದರಿಕೆ ನಮಗೆ ಗೊತ್ತಿಲ್ಲದ್ದೇನಲ್ಲ. ತೆಲುಗರ ನಡುವೆ ಕನ್ನಡಿಗರು, ಕನ್ನಡಿಗರೊಳಗೆ ಕಥೋಲಿಕರು, ನಮ್ಮ ಮನೆಗಳನ್ನು ಬೆರಳಲ್ಲಿ ಎಣಿಸಬಹುದು. ಮಗಳು ಹೊರಗೆ ಮದುವೆಯಾದರೆ ಮೊಮ್ಮಕ್ಕಳಿಗೆ ಜ್ಞಾನಸ್ನಾನವೂ ಇಲ್ಲ, ಕನ್ನಡದ ಪ್ರಾರ್ಥನೆಯೂ ಇಲ್ಲ ಎಂದು ಅಮ್ಮ ಅತ್ತರೆ ಅದು ಪೂರ್ವಗ್ರಹವಲ್ಲ, ಸಂಕಟ. ಆ ಸಂಕಟಕ್ಕೂ, ಅವರ ಕೈಯ ನೀರು ಮುಟ್ಟಬಾರದು ಎಂಬ ತಿರಸ್ಕಾರಕ್ಕೂ ಬಹಳ ಅಂತರವಿದೆ. ಚಾಮಯ್ಯ ಮೇಷ್ಟ್ರಲ್ಲಿ ಎಷ್ಟು ಪಾಲು ಯಾವುದಿತ್ತು? ಗುಂಪಿನಲ್ಲಿ ಇದರ ಮೇಲೆ ಜಗಳವಾಡಿದರೂ ಪರವಾಗಿಲ್ಲ.

ಈಗ ಚೀಟಿಯ ಪ್ರಶ್ನೆಗೆ ನೇರ ಉತ್ತರ. ಆಗುತ್ತದೆ. ಜ್ಞಾನಸ್ನಾನ ಪಡೆಯದವರೊಂದಿಗೆ ಕಥೋಲಿಕರ ಮದುವೆಗೆ ಧರ್ಮಸಭೆಯ ಕಾನೂನಿನಲ್ಲಿ ಒಂದು ಅಡ್ಡಿ ಇದೆ, ಆದರೆ ಧರ್ಮಾಧ್ಯಕ್ಷರು ಅದಕ್ಕೆ ವಿನಾಯಿತಿ ಕೊಡಬಹುದು. ವಿನಾಯಿತಿಗಾಗಿ ಅರ್ಜಿ ಹೋಗುವುದು ನಮ್ಮ ಧರ್ಮಕೇಂದ್ರದ ಗುರುಗಳ ಮೂಲಕ. ಕಥೋಲಿಕ ಹುಡುಗಿ ಅಥವಾ ಹುಡುಗ ಎರಡು ಮಾತು ಕೊಡಬೇಕು: ನನ್ನ ವಿಶ್ವಾಸ ಬಿಡುವುದಿಲ್ಲ, ಮಕ್ಕಳಿಗೆ ಜ್ಞಾನಸ್ನಾನ ಕೊಡಿಸಿ ನಮ್ಮ ವಿಶ್ವಾಸದಲ್ಲಿ ಬೆಳೆಸಲು ನನ್ನ ಕೈಲಾದದ್ದೆಲ್ಲ ಮಾಡುತ್ತೇನೆ. ಈ ಮಾತು ಕೊಟ್ಟಿದ್ದಾರೆಂದು ಇನ್ನೊಬ್ಬರಿಗೆ ತಿಳಿಸಬೇಕು, ಮದುವೆಯ ಅರ್ಥ ಏನೆಂದು ಇಬ್ಬರಿಗೂ ಹೇಳಿಕೊಡಬೇಕು. ಇನ್ನೊಬ್ಬರು ಮತ ಬದಲಿಸಲೇಬೇಕೆಂದಿಲ್ಲ. ಮದುವೆಗೋಸ್ಕರ ಮಾತ್ರ ಜ್ಞಾನಸ್ನಾನ ಕೇಳಿಕೊಂಡು ಬಂದರೆ ಗುರುಗಳು ತಡೆದು ನಿಲ್ಲಿಸುವುದೇ ಸರಿ, ಅದು ಮನಸ್ಸಿನಿಂದ ಬರಬೇಕಾದದ್ದು. ಇಂಥ ವಿವಾಹ ಸಿಂಧುವಾದ ವಿವಾಹ, ಆದರೆ ಒಬ್ಬರಿಗೆ ಜ್ಞಾನಸ್ನಾನವಿಲ್ಲದ್ದರಿಂದ ಅದು ಸಂಸ್ಕಾರವಾಗುವುದಿಲ್ಲ. ಸಾಮಾನ್ಯವಾಗಿ ಬಲಿಪೂಜೆಯಿಲ್ಲದೆ, ದೇವರ ವಾಕ್ಯದ ವಿಧಿಯೊಂದಿಗೆ ನಡೆಯುತ್ತದೆ.

ಹಿಂದೆ ಮಕ್ಕಳ ವಿಷಯದಲ್ಲಿ ಇಬ್ಬರಿಂದಲೂ ಮಾತು ತೆಗೆದುಕೊಳ್ಳಬೇಕಿತ್ತು. ಪೋಪ್ ಆರನೇ ಪೌಲರು 1970ರ ಮಾರ್ಚ್ 31ರಂದು ಹೊರಡಿಸಿದ ಪ್ರೇಷಿತ ಪತ್ರದಿಂದ ಆ ಹೊರೆ ಕಥೋಲಿಕರ ಮೇಲೆ ಮಾತ್ರ ಉಳಿಯಿತು. ಅಂದರೆ ದುರ್ಗದ ಬೆಟ್ಟದಿಂದ ಮಾರ್ಗರೇಟ್ ತೆರೆಯ ಮೇಲೆ ಹಾರುವ ಹೊತ್ತಿಗೆ ಈ ಬಾಗಿಲು ತೆರೆದು ಎರಡು ವರ್ಷ ದಾಟಿತ್ತು. ನಾಡಿನ ಕಾನೂನು ಇನ್ನೂ ಹಿಂದೆಯೇ ಎರಡು ದಾರಿ ಕೊಟ್ಟಿತ್ತು. 1872ರ ಕ್ರೈಸ್ತ ವಿವಾಹ ಕಾಯ್ದೆ ಒಬ್ಬರು ಮಾತ್ರ ಕ್ರೈಸ್ತರಾಗಿದ್ದರೂ ಅನ್ವಯಿಸುತ್ತದೆ. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಯಾರೂ ಮತ ಬದಲಿಸಬೇಕಿಲ್ಲ: ಹುಡುಗನಿಗೆ 21, ಹುಡುಗಿಗೆ 18 ತುಂಬಿರಬೇಕು, ವಿವಾಹಾಧಿಕಾರಿಗೆ 30 ದಿನದ ನೋಟಿಸು, ಮೂವರು ಸಾಕ್ಷಿಗಳು. ರಿಜಿಸ್ಟರ್ ಕಚೇರಿಯಲ್ಲಷ್ಟೇ ಮದುವೆಯಾಗಿ ಚರ್ಚಿನಿಂದ ದೂರ ಉಳಿದವರು ನಿಮಗೆ ಗೊತ್ತಿದ್ದರೆ ಹೇಳಿ, ಅವರ ವಿವಾಹವನ್ನು ಧರ್ಮಸಭೆಯಲ್ಲಿ ಕ್ರಮಬದ್ಧಗೊಳಿಸಲು ದಾರಿ ಇದೆ. ನಾಚಿಕೆಯಿಂದ ಹೊರಗೆ ನಿಂತಿರಬೇಕಾಗಿಲ್ಲ.

ಇದೆಲ್ಲ ಹಳೆಯ ಸಿನಿಮಾದ ಕಾಲದ ಮಾತು ಎನ್ನಬೇಡಿ. 2018ರ ಸೆಪ್ಟೆಂಬರ್ 14ರಂದು ತೆಲಂಗಾಣದ ಮಿರ್ಯಾಲಗುಡದಲ್ಲಿ ದಲಿತ ಕ್ರೈಸ್ತ ಮನೆಯ ಯುವಕನೊಬ್ಬನನ್ನು ಆಸ್ಪತ್ರೆಯ ಹೊರಗೆ, ಬಸುರಿ ಹೆಂಡತಿಯ ಎದುರಿಗೇ ಕೊಚ್ಚಿ ಕೊಂದರು. ಮಗಳು ಬೇರೆ ಜಾತಿಯವನನ್ನು ಕಟ್ಟಿಕೊಂಡಳೆಂದು ಅವಳ ತಂದೆಯೇ ಹಣ ಕೊಟ್ಟು ಕೊಲ್ಲಿಸಿದ್ದೆಂದು ಪೊಲೀಸರು ಮೊಕದ್ದಮೆ ಹೂಡಿದರು. 2025ರ ಮಾರ್ಚ್‌ನಲ್ಲಿ ನಲ್ಗೊಂಡ ನ್ಯಾಯಾಲಯ ಒಬ್ಬನಿಗೆ ಮರಣದಂಡನೆ, ಉಳಿದ ಅಪರಾಧಿಗಳಿಗೆ ಜೀವಾವಧಿ ವಿಧಿಸಿತು. ವಯಸ್ಕರಿಬ್ಬರು ಒಪ್ಪಿ ಮದುವೆಯಾದರೆ ಊರಿನ ಪಂಚಾಯಿತಿಯಾಗಲಿ ಬಂಧುಗಳಾಗಲಿ ತಡೆಯುವಂತಿಲ್ಲ, ಬೆದರಿಕೆ ಇದ್ದರೆ ಪೊಲೀಸರು ರಕ್ಷಣೆ ಕೊಡಬೇಕು ಎಂದು ನಮ್ಮ ಸುಪ್ರೀಂ ಕೋರ್ಟು ಅದೇ 2018ರ ಮಾರ್ಚ್‌ನಲ್ಲಿ ಹೇಳಿತ್ತು.

ಬೇರೆಯವರ ಮನೆ ಸಾಕು, ನಮ್ಮ ಮನೆಗೆ ಬರೋಣ. ನಮ್ಮ ಕರ್ನೂಲು ಧರ್ಮಕ್ಷೇತ್ರಕ್ಕೆ 2008ರಿಂದ 2020ರವರೆಗೆ ಧರ್ಮಾಧ್ಯಕ್ಷರಾಗಿದ್ದ ಆಂಥೋನಿ ಪೂಲ ಅವರು 2022ರ ಆಗಸ್ಟ್‌ನಲ್ಲಿ ಕಾರ್ಡಿನಲ್ ಆದರು. ದಲಿತ ಸಮುದಾಯದಿಂದ ಆ ಸ್ಥಾನಕ್ಕೆ ಬಂದ ಮೊದಲಿಗರು ಎಂದು ನಾವೆಲ್ಲ ಹೆಮ್ಮೆಪಟ್ಟೆವು. ಅದೇ ವರ್ಷ ನಮ್ಮ ಕಥೋಲಿಕ ಮನೆಗಳಲ್ಲೇ ಹುಡುಗ ನೋಡುವಾಗ ಮೊದಲು ಕೇಳಿದ ಪ್ರಶ್ನೆ ಯಾವುದು? ಹುಡುಗ ಬಲಿಪೂಜೆಗೆ ಹೋಗುತ್ತಾನೋ ಎಂದಲ್ಲ, ಅವರು ಯಾವ ಪೈಕಿ ಎಂದು. ಇಬ್ಬರೂ ಒಂದೇ ದಿವ್ಯಪ್ರಸಾದ ಸ್ವೀಕರಿಸುವವರು, ಧರ್ಮಾಧ್ಯಕ್ಷರ ವಿನಾಯಿತಿಯೂ ಬೇಕಾಗಿಲ್ಲ, ಆದರೂ ಸಂಬಂಧ ಮುರಿಯುತ್ತದೆ. ಚಾಮಯ್ಯ ಮೇಷ್ಟ್ರಿಗೆ ಕನಿಷ್ಠ ಧರ್ಮ ಬೇರೆ ಎಂಬ ನೆಪವಿತ್ತು.

ಚಿತ್ರ ಸುಮಾರು ಮೂರು ಗಂಟೆ ಇದೆ. ಆದ್ದರಿಂದ ಎರಡು ಭಾನುವಾರ ಬಲಿಪೂಜೆಯ ನಂತರ ಸತ್ಯೋಪದೇಶದ ಕೋಣೆಯಲ್ಲಿ ಅರ್ಧರ್ಧ ನೋಡೋಣ. ತೆಲುಗು ಗುಂಪಿನ ಗೆಳೆಯರನ್ನೂ ಕರೆಯಿರಿ, ಕಥೆ ಅವರಿಗೂ ಗೊತ್ತು. ಅಪ್ಪ, ಅಮ್ಮ, ಅಜ್ಜಿ, ತಾತ ಬಂದರೆ ಇನ್ನೂ ಒಳ್ಳೆಯದು, ಅವರಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸುತ್ತೇವೆ. ಎರಡನೇ ಭಾನುವಾರ ಫಾದರ್ ಕೂಡ ಇರುತ್ತಾರೆ, ವಿನಾಯಿತಿಯ ಅರ್ಜಿ ಹೇಗಿರುತ್ತದೆಂದು ತೋರಿಸುವುದಾಗಿ ಒಪ್ಪಿದ್ದಾರೆ. ಬರುವಾಗ ಒಂದು ಹಾಳೆಯಲ್ಲಿ ಬೆಟ್ಟದ ಮೇಲಿನ ಆ ದೃಶ್ಯವನ್ನು ನೀವೇ ಬರೆದು ತನ್ನಿ. ಮೇಷ್ಟ್ರು ರಾಮಾಚಾರಿಯ ಕಡೆ ತಿರುಗುವ ಬದಲು ಮಾರ್ಗರೇಟ್ ಕಡೆ ತಿರುಗಿ, ನಿನ್ನ ಮನಸ್ಸಿನಲ್ಲಿ ಏನಿದೆಯಮ್ಮಾ ಎಂದು ಕೇಳುತ್ತಾರೆ. ಅವಳು ಏನು ಹೇಳುತ್ತಾಳೆ? ಐದಾರು ಸಾಲು ಸಾಕು, ಕನ್ನಡದಲ್ಲೋ ತೆಲುಗಿನಲ್ಲೋ, ನಿಮಗೆ ಬಂದದ್ದರಲ್ಲಿ.